ಪಕ್ಕದವನು ಎದ್ದು ಹೋದಾಗ

ಜಾಲಹಳ್ಳಿ
೧೪ ಸೆಪ್ಟೆಂಬರ್ ೨೦೨೪

ವಿಶ್ರುತ್,

ನಿನ್ನೆ ಜೈಲಿನ ಜಾಲರಿಯ ಆಚೆ ನೀನು ಏನೇನೋ ಹೇಳುತ್ತಿದ್ದೆ. ಈಚೆ ಅಷ್ಟೂ ಜನ ಒಟ್ಟಿಗೆ ಕಿರುಚುತ್ತಿದ್ದರು. ನನಗೆ ಕೇಳಿಸಿದ್ದು "ದೊಡ್ಡಮ್ಮ, ಸೋಪು" ಅನ್ನುವುದಷ್ಟೇ. ಸೋಪು ತರುತ್ತೇನೆ. ಉಳಿದದ್ದನ್ನು ಕಾಗದದಲ್ಲಿ ಬರೆ. ನಾನೂ ಬರೆಯುತ್ತೇನೆ. ಕಿರುಚಿ ಹೇಳುವ ಮಾತಲ್ಲ ಇದು.

ಎಫ್‌ಐಆರ್ ಓದಿದೆ. ಬೊಮ್ಮಸಂದ್ರದ ಗೋದಾಮು, ತಾಮ್ರದ ಕೇಬಲ್ ಕದ್ದನೆಂಬ ಅನುಮಾನ, ದೀಪು ಎಂಬ ಇಪ್ಪತ್ತಮೂರು ವರ್ಷದ ಲೋಡರ್. ಅವನನ್ನು ಜನರೇಟರ್ ಕೋಣೆಯಲ್ಲಿ ಕಟ್ಟಿ ಪೈಪಿನಿಂದ ಹೊಡೆದರು, ಮರುದಿನ ಆಸ್ಪತ್ರೆಯಲ್ಲಿ ಸತ್ತ. ಹೊಡೆದವರು ಸೆಕ್ಯುರಿಟಿ ಏಜೆನ್ಸಿಯ ಮೂವರು. ಒಂದನೇ ಆರೋಪಿ ಭರಮಪ್ಪ, ತಲೆಮರೆಸಿಕೊಂಡಿದ್ದಾನೆ. ಎರಡನೇ ಹೆಸರು ಸೂಪರ್‌ವೈಸರ್ ವಿಶ್ರುತ್. ಮೂರನೆಯದು ವಿನಾಯಕ್, ಅವನು ಬೇರೆ ಬ್ಯಾರಕ್ಕಿನಲ್ಲಿದ್ದಾನಂತೆ. ನಿನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ನಿನ್ನಮ್ಮ ಹೋದ ಮೇಲೆ ನನ್ನ ಮಡಿಲಲ್ಲಿ ಬೆಳೆದವನು ನೀನು. ಜಿರಲೆ ಹೊಡೆಯುವುದಕ್ಕೂ ನನ್ನನ್ನೇ ಕೂಗುತ್ತಿದ್ದವನು.

ಮೂವತ್ತು ವರ್ಷ ನರ್ಸಿಂಗ್ ಹುಡುಗಿಯರಿಗೆ ಮನಶ್ಶಾಸ್ತ್ರ ಹೇಳಿಕೊಟ್ಟವಳು ನಾನು. ಇದನ್ನು ಅರ್ಥ ಮಾಡಿಕೊಳ್ಳಲಾರದಿದ್ದರೆ ಅಷ್ಟೂ ಪಾಠ ದಂಡ. ಊಟದ ಮೇಜಿನ ಮೇಲೆ ನಿನಗೊಮ್ಮೆ ಶಾಕ್ ಪ್ರಯೋಗದ ಕಥೆ ಹೇಳಿದ್ದೆ. ಅಮೆರಿಕದಲ್ಲಿ ಅರವತ್ತು ವರ್ಷಗಳ ಹಿಂದೆ ನಡೆದದ್ದು. ಗೋಡೆಯಾಚೆ ಒಬ್ಬ ಮನುಷ್ಯ. ಅವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಈಚೆಯವನು ಗುಂಡಿ ಒತ್ತಬೇಕು, ಪ್ರತಿ ಸಲವೂ ಶಾಕ್ ಏರುತ್ತದೆ. ಆಚೆಯವನದು ಬರೀ ನಟನೆ, ಆದರೆ ಒತ್ತುವವನಿಗೆ ಗೊತ್ತಿಲ್ಲ. ಹಿಂದೆ ಕೋಟು ತೊಟ್ಟವನೊಬ್ಬ ನಿಂತು "ಮುಂದುವರಿಸಿ, ಜವಾಬ್ದಾರಿ ನಮ್ಮದು" ಅನ್ನುತ್ತಾನೆ. ಮೂರರಲ್ಲಿ ಎರಡು ಪಾಲು ಜನ ಕೊನೆಯ ಗುಂಡಿಯವರೆಗೂ ಒತ್ತಿದರು. ಬೆವರುತ್ತ, ನಡುಗುತ್ತ, ಆದರೂ ಒತ್ತಿದರು. ಪ್ರಯೋಗ ಮಾಡಿದವರು ಯಹೂದಿ ಮನೆಯ ಮಗ. ಯುರೋಪಿನಲ್ಲಿ ತಮ್ಮವರನ್ನು ಲಕ್ಷಗಟ್ಟಲೆ ಕೊಂದವರು ರಾಕ್ಷಸರೋ ಮಾಮೂಲಿ ಗುಮಾಸ್ತರೋ ಎಂದು ತಿಳಿಯಬೇಕಾಗಿತ್ತು ಅವರಿಗೆ.

ನಿನ್ನ ಹಿಂದೆಯೂ ಯಾರೋ ನಿಂತಿದ್ದರು, ಅಲ್ಲವೇ? ಬರೆ. ವಕೀಲರಿಗೆ ಕೊಡಲು ಟಿಪ್ಪಣಿ ತಯಾರು ಮಾಡುತ್ತಿದ್ದೇನೆ.

ನಿನ್ನ
ಸತ್ಯವತಿ ದೊಡ್ಡಮ್ಮ


ಜೈಲು, ವಿಚಾರಣಾಧೀನರ ಬ್ಯಾರಕ್
೨೬ ಸೆಪ್ಟೆಂಬರ್ ೨೦೨೪

ದೊಡ್ಡಮ್ಮಾ,

ಇಲ್ಲಿ ಕಾಗದಗಳನ್ನೆಲ್ಲ ಕಚೇರಿಯಲ್ಲಿ ಓದುತ್ತಾರೆ. ಇದನ್ನು ಇವತ್ತು ಬಿಡುಗಡೆಯಾಗುವ ಒಬ್ಬರ ಕೈಲಿ ಕಳಿಸುತ್ತಿದ್ದೇನೆ. ಆದ್ದರಿಂದ ಬಿಚ್ಚಿ ಬರೆಯುತ್ತೇನೆ.

ನಿನ್ನ ಪತ್ರ ಓದಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ನೀನು ಹೇಳಿದ ಹಾಗೆಯೇ ಆದದ್ದು. ನಮ್ಮ ಹಿಂದೆ ಇದ್ದವರು ಹನುಮಂತರಾಯಪ್ಪ. ಏಜೆನ್ಸಿ ಅವರದು, ಗೋದಾಮಿನ ಜಾಗ ಮೊದಲು ಅವರ ತಂದೆಯ ರಾಗಿ ಹೊಲ, ಲೋಡರ್‌ಗಳಿರುವ ವಠಾರವೂ ಅವರದೇ. ಅಲ್ಲಿ ಪೊಲೀಸರೂ ಅವರನ್ನು "ಅಣ್ಣ" ಎಂದೇ ಕರೆಯುತ್ತಾರೆ. ಎಫ್‌ಐಆರ್‌ನಲ್ಲಿ ಅವರ ಹೆಸರಿಲ್ಲ ನೋಡು.

ದೀಪುವನ್ನು ಜನರೇಟರಿನ ಹೊಗೆ ಕೊಳವೆಗೆ ಕಟ್ಟಿದ್ದೆವು. ಕೊಳವೆ ಕಾದಿತ್ತು. ಮೊದಲು ಹೊಡೆದವನು ವಿನಾಯಕ, ತೊಡೆಗೆ. ಹನುಮಂತರಾಯಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. "ಒಪ್ಕೊಳ್ಳೋಗಂಟ ಬುಡ್ಬೇಡ್ರಲಾ. ಏನಾದ್ರೂ ಆದ್ರೆ ನಾನಿವ್ನಿ" ಅಂದರು. ಭರಮಪ್ಪನ ಕೈಗೆ ಪೈಪು ಕೊಟ್ಟರು. ಅವನು ರಾಯಚೂರು ಕಡೆಯವನು, ಮಾತು ಕಮ್ಮಿ. ಎರಡು ಏಟು ಹಾಕಿದ. ದೀಪುವಿನ ಚರ್ಮ ಒಡೆದು ರಕ್ತ ಪ್ಯಾಂಟಿಗಿಳಿಯಿತು. ಭರಮಪ್ಪ ಅದನ್ನೇ ನೋಡಿ "ಇದು ಬ್ಯಾಡ್ರೀ ಸಾಹೇಬ್ರ. ಸಾಯ್ತಾನ್ರೀ ಇಂವ" ಅಂದವನೇ ಪೈಪು ನೆಲಕ್ಕೆ ಹಾಕಿ, ಗೇಟು ದಾಟಿ ಹೋಗಿಬಿಟ್ಟ.

"ಓಗ್ಲಿ ಬುಡು, ಏಡಿ ನನ್ಮಗ. ಏ ವಿಶ್ರುತಾ, ನೀನ್ ತಗೊ" ಅಂದರು ಹನುಮಂತರಾಯಪ್ಪ.

ತಗೊಂಡೆ ದೊಡ್ಡಮ್ಮ. ನೆಲದ ಮೇಲಿದ್ದ ಅದೇ ಪೈಪು. ಮೊದಲ ಏಟು ಕಷ್ಟವಾಯಿತು. ಆಮೇಲೆ ಕೈ ತಾನಾಗಿಯೇ ಹೋಗುತ್ತಿತ್ತು. ಸೊಂಟ, ಬೆನ್ನು, ಪಕ್ಕೆ. ಒಂದು ಕಡೆ ಒಳಗೇನೋ ಮೆತ್ತಗೆ ಒಡೆದ ಹಾಗೆ ಕೈಗೆ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ. ಅವನು ಉಚ್ಚೆ ಹೊಯ್ದುಕೊಂಡಾಗ ಅಣ್ಣ ನಕ್ಕರು, ನಾನೂ ನಕ್ಕೆ. ಅದು ನಾನಲ್ಲ. ಆ ಜಾಗ, ಆ ಕುರ್ಚಿ, ಆ ಮಾತು. ನಿನ್ನ ಪ್ರಯೋಗದಲ್ಲಿರುವ ಹಾಗೆ. ಜಡ್ಜ್‌ಗೆ ಅದನ್ನು ಬರೆದುಕೊಡು.

ಸೋಪು ಸಿಕ್ಕಿತು.

ವಿಶ್ರುತ್


ಜಾಲಹಳ್ಳಿ
೯ ಅಕ್ಟೋಬರ್ ೨೦೨೪

ವಿಶ್ರುತ್,

ನಿನ್ನ ಪತ್ರ ಓದಿ ಎರಡು ದಿನ ಅಡುಗೆ ಮಾಡಲಿಲ್ಲ. ಮೂರನೆಯ ದಿನ ಎದ್ದು ವಕೀಲರನ್ನು ನೋಡಲು ಹೋದೆ. ನಿನಗೆ ಗೊತ್ತಿರಬೇಕು, ಅವರನ್ನು ಗೊತ್ತು ಮಾಡಿರುವುದೂ ಹನುಮಂತರಾಯಪ್ಪನೇ. ನನ್ನ ಟಿಪ್ಪಣಿಯನ್ನು ಕೋರ್ಟಿನ ಕಾರಿಡಾರಿನಲ್ಲಿ ನಿಂತೇ ಮಗುಚಿ ನೋಡಿ ನಕ್ಕರು.

"ಮೇಡಂ, ಈ ಅಮೆರಿಕಾ ಪ್ರಯೋಗ ಎಲ್ಲ ಇಲ್ಲಿ ನಡೆಯಲ್ಲ. ಬೇಕಾದ್ರೆ ಒಂದ್ ಲೈನ್ ಹಾಕೋಣ. ಚಿಕ್ಕ ವಯಸ್ಸಲ್ಲೇ ತಾಯಿ ಹೋದ್ರು, ಒಳಗೆ ಕೋಪ ಅದುಮಿಟ್ಕೊಂಡಿದ್ದ, ಎಲ್ಲ ಸಬ್‌ಕಾನ್ಶಿಯಸ್ಸು. ಅಷ್ಟು ಸಾಕು."

ನೋಡು, ಆ ಪದ ಇವರ ಬಾಯಿಗೂ ಬಂದಿದೆ. ಬಸ್ಸಿನಲ್ಲಿ ಬರುತ್ತ ಇಂಥ ಮಾತುಗಳೆಲ್ಲ ಯಾರಿಂದ ಬಂದವೆಂದು ಲೆಕ್ಕ ಹಾಕಿದೆ. ಮನಸ್ಸಿಗೊಂದು ನೆಲಮಾಳಿಗೆ ಇದೆ, ನಾವು ಮರೆತದ್ದೆಲ್ಲ ಅಲ್ಲಿ ಸಾಯದೆ ಬಿದ್ದಿರುತ್ತದೆ ಎಂದು ಜಗತ್ತನ್ನು ನಂಬಿಸಿದ್ದು ವಿಯೆನ್ನಾದ ಯಹೂದಿ ವೈದ್ಯರೊಬ್ಬರು. ಮೊದಲು ಅನ್ನ, ಆಮೇಲೆ ಭದ್ರತೆ, ಆಮೇಲೆ ಮರ್ಯಾದೆ ಎಂದು ಮನುಷ್ಯನ ಬೇಕುಗಳಿಗೆ ಮೆಟ್ಟಿಲು ಕಟ್ಟಿದ್ದು ನ್ಯೂಯಾರ್ಕಿನ ಬಡ ಯಹೂದಿ ವಲಸೆಗಾರರ ಮಗ. ಆ ಮೆಟ್ಟಿಲುಗಳ ತ್ರಿಕೋನದ ಚಿತ್ರ ನಿಮ್ಮ ಏಜೆನ್ಸಿಯ ಟ್ರೈನಿಂಗ್ ಹಾಲಿನ ಗೋಡೆಯ ಮೇಲೂ ಇತ್ತು ಎಂದು ನೀನೇ ಹೇಳಿದ್ದೆ. ಎದುರಿಗಿರುವ ಗೆರೆ ಉದ್ದವೋ ಗಿಡ್ಡವೋ ಎಂದು ಕಣ್ಣಿಗೆ ಕಾಣುತ್ತಿದ್ದರೂ ಗುಂಪು ಹೇಳಿದ್ದಕ್ಕೆ ಜನ ಹೂಂ ಅನ್ನುತ್ತಾರೆ ಎಂದು ತೋರಿಸಿದವರು ವಾರ್ಸಾದಲ್ಲಿ ಹುಟ್ಟಿ ಹುಡುಗನಾಗಿ ಅಮೆರಿಕ ಸೇರಿದ ಯಹೂದಿ. ಆಮೇಲೆ ಆ ಶಾಕ್ ಪ್ರಯೋಗ. ನಾನು ಹೇಳಿಕೊಟ್ಟ ಪಾಠದಲ್ಲಿ ಅರ್ಧ ಈ ಜನರದೇ. ಮನುಷ್ಯ ಹೀಗೆ, ಮನುಷ್ಯ ಹಾಗೆ ಎಂದು ಇವತ್ತು ಟೀವಿಯಲ್ಲಿ, ಟೀ ಅಂಗಡಿಯಲ್ಲಿ ಮಾತಾಡುವವರು ಇವರ ಮಾತನ್ನೇ ಆಡುತ್ತಾರೆ, ಹೆಸರು ಗೊತ್ತಿಲ್ಲದೆ.

ಇರಲಿ. ಈ ಕಾಗದವನ್ನು ಬಟ್ಟೆಯ ಮಡಿಕೆಯಲ್ಲಿಟ್ಟು ಕಳಿಸುತ್ತಿದ್ದೇನೆ, ಓದಿ ಹರಿದುಹಾಕು. ವಕೀಲರು ಒಂದು ಅಫಿಡವಿಟ್ ತರುತ್ತಾರೆ. ಸಾಯುವಂಥ ಏಟು ಹಾಕಿದವನು ಭರಮಪ್ಪ, ನೀನು ಬಿಡಿಸಲು ಹೋದೆ ಎಂದು ಅದರಲ್ಲಿದೆ. ಪೈಪಿನ ಮೇಲೆ ಅವನ ಬೆರಳಚ್ಚೂ ಇದೆಯಂತೆ. ಅವನು ಸಿಕ್ಕಿಲ್ಲ, ಸಿಗುವುದೂ ಇಲ್ಲ ಅನ್ನುತ್ತಾರೆ. ಇದಾದರೆ ಸಂಕ್ರಾಂತಿಗೆ ಮುಂಚೆ ಜಾಮೀನು.

ನಾನು ಏನು ಹೇಳಲಿ? ನೀನು ಮನೆಗೆ ಬಾ. ಸಹಿ ಹಾಕು.

ಸತ್ಯವತಿ ದೊಡ್ಡಮ್ಮ


ಜೈಲು
೪ ನವೆಂಬರ್ ೨೦೨೪

ದೊಡ್ಡಮ್ಮಾ,

ಸಹಿ ಹಾಕಿದೆ. ದೀಪಾವಳಿಗೆ ಮುಂಚೆಯೇ.

ಹಬ್ಬ ಕಳೆದ ಮರುದಿನ ನಮ್ಮ ಬ್ಯಾರಕ್ಕಿಗೆ ಹೊಸಬನೊಬ್ಬನನ್ನು ತಂದು ತಳ್ಳಿದರು. ಕಾಲು ಊರಲಾರದೆ ಗೋಡೆ ಹಿಡಿದು ಬಂದ. ಪಾದಗಳು ಬದನೆಕಾಯಿ ಬಣ್ಣ. ಎಡಗಿವಿಯಿಂದ ಕೀವು ರಕ್ತ ಸೇರಿ ಸೋರುತ್ತಿತ್ತು. ನನ್ನನ್ನು ನೋಡಿ ನಿಂತ.

"ವಿಶ್ರುತ್ ಸಾಹೇಬ್ರ, ಇವ್ರಿಗೆ ಸ್ವಲ್ಪ ಹೇಳ್ರಿ. ನಾ ಹೋಗಿದ್ದೆ ಅಂತ ನಿಮಗ ಗೊತ್ತೈತಲ್ರೀ" ಅಂದ ಭರಮಪ್ಪ.

ತಲೆಮರೆಸಿಕೊಂಡಿರಲಿಲ್ಲವಂತೆ. ಊರಿಗೆ ಹೋಗಿ ಹತ್ತಿ ಬಿಡಿಸುತ್ತಿದ್ದ. ಹೊಲದಲ್ಲೇ ಹಿಡಿದು, ಹೆಂಡತಿಯ ಎದುರಿಗೆ ಬೂಟಿನಿಂದ ತುಳಿದು ಕರೆತಂದರಂತೆ. ಒಪ್ಪಿಕೊಳ್ಳುವವರೆಗೆ ಪಾದಕ್ಕೆ ಹೊಡೆದರು. ಒಪ್ಪಿಕೊಂಡ.

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ನನ್ನ ಸಹಿಯ ವಿಷಯ ಅವನಿಗಿನ್ನೂ ಗೊತ್ತಿಲ್ಲ.

ಇದನ್ನೂ ಬಿಡುಗಡೆಯಾಗುವವರೊಬ್ಬರ ಕೈಲೇ ಕಳಿಸುತ್ತೇನೆ. ಒಂದು ಕೇಳಬೇಕು. ಶಾಕ್ ಪ್ರಯೋಗದ ಕಥೆಯನ್ನು ನೀನು ಊಟದ ಮೇಜಿನ ಮೇಲೆ ಹೇಳಿದಾಗ ಅದು ಅಷ್ಟಕ್ಕೇ ಮುಗಿದಿರಲಿಲ್ಲ. ಇನ್ನೂ ಏನೋ ಇತ್ತು. ಬೇರೆ ಬೇರೆ ಥರ ಮಾಡಿ ನೋಡಿದರು ಅಂದಿದ್ದೆ. ಗುಂಡಿ ಒತ್ತುವವನ ಪಕ್ಕದಲ್ಲಿ ಇನ್ನೂ ಇಬ್ಬರನ್ನು ಕೂರಿಸಿ, ಅವರು ನಡುವೆ ಎದ್ದು ಹೋದರೆ ಏನಾಗುತ್ತದೆ ಎಂದು. ಏನಾಯಿತು ದೊಡ್ಡಮ್ಮ? ನಿನ್ನ ಪತ್ರದಲ್ಲಿ ಅದು ಯಾಕಿಲ್ಲ?

ವಿಶ್ರುತ್


ಜಾಲಹಳ್ಳಿ
೨೧ ನವೆಂಬರ್ ೨೦೨೪

ವಿಶ್ರುತ್,

ಪಕ್ಕದವರು ಎದ್ದು ಹೋದಾಗ ಹತ್ತರಲ್ಲಿ ಒಂಬತ್ತು ಜನ ತಾವೂ ನಿಲ್ಲಿಸಿದರು. ಅದೇ ಉತ್ತರ. ಬೇಕೆಂದೇ ಬರೆಯಲಿಲ್ಲ. ನಿನ್ನ ಪಕ್ಕದವನು ಎದ್ದು ಹೋಗಿದ್ದನ್ನು ನೀನೇ ಬರೆದಿದ್ದೆಯಲ್ಲ. ಓದಿದ ಕ್ಷಣವೇ ನನಗೆ ಅದು ನೆನಪಾಗಿತ್ತು.

ಮೊನ್ನೆ ಚಂದಾಪುರಕ್ಕೆ ಹೋಗಿದ್ದೆ. ದೀಪುವಿನ ತಾಯಿ ಭದ್ರಮ್ಮ ಅಲ್ಲಿ ಒಂದು ಕೋಣೆಯ ಮನೆಯಲ್ಲಿದ್ದಾಳೆ. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಾಳೆ. ಯಾಕೆ ಹೋದೆನೋ. ನನ್ನ ಮಗು ಕೆಟ್ಟವನಲ್ಲ ಎಂದು ಇನ್ನೊಬ್ಬ ತಾಯಿಗೆ ಹೇಳಿಬಿಟ್ಟರೆ ನನಗೆ ಹಗುರಾಗುತ್ತದೆ ಎಂದಿತ್ತೇನೋ.

ನಾನು ಯಾರೆಂದು ಹೇಳಿದೆ. ಒಳಗೆ ಬಾ ಅನ್ನಲಿಲ್ಲ. ಹೊಸ್ತಿಲಲ್ಲೇ ನಿಂತು ಶುರು ಮಾಡಿದೆ. "ನೋಡಮ್ಮ, ನಮ್ಮ ಹುಡುಗ ತಾನಾಗಿ ಹೊಡೆದವನಲ್ಲ. ಅಂಥ ಪರಿಸ್ಥಿತಿಯಲ್ಲಿ ಯಾರಿದ್ದರೂ..."

ಮುಗಿಸಲು ಬಿಡಲಿಲ್ಲ. ಕೈಯಲ್ಲಿದ್ದ ಸ್ಟೀಲ್ ಚೊಂಬಿನಿಂದಲೇ ಮುಖಕ್ಕೆ ಬೀಸಿದಳು. ಕನ್ನಡಕ ಒಡೆದು ಹುಬ್ಬು ಸೀಳಿತು. ನನ್ನ ಜುಟ್ಟು ಹಿಡಿದು ಗೋಡೆಗೆ ಗುದ್ದಿದಳು. "ಯಾರಿದ್ರೂ ಅಂತೀಯಾ? ಯಾರಿದ್ರೂ? ನಾನಿದ್ರೆ ಒಡೀತಿದ್ನಾ? ನೀನಿದ್ರೆ ಒಡೀತಿದ್ಯಾ? ಬಾಯ್ಬುಟ್ಟು ಏಳೇ!" ವಠಾರದವರು ಬಂದು ಬಿಡಿಸಿದರು. ಹುಬ್ಬಿಗೆ ಆರು ಹೊಲಿಗೆ. ವಿಚಾರಿಸಲು ಬಂದ ಪೊಲೀಸರಿಗೆ, ಬಾಗಿಲು ತಾಕಿ ಹೀಗಾಯಿತು ಎಂದೆ.

ಮನೆಗೆ ಬಂದು ಒಂದೇ ಕಣ್ಣಲ್ಲಿ ಹಳೆಯ ಪಾಠಗಳನ್ನು ತಿರುವಿದೆ. ಮೂವತ್ತು ವರ್ಷ ಕಾಣದ್ದು ಈಗ ಕಂಡಿತು. ಗೆರೆಯ, ಶಾಕಿನ ಪ್ರಯೋಗ ಮಾಡಿದ ಆ ಯಹೂದಿ ವಿದ್ವಾಂಸರು ಈ ಪ್ರಶ್ನೆಗಳನ್ನು ಕೇಳಿದ್ದು ಹೊಡೆಸಿಕೊಂಡವರ ಮನೆಯಿಂದ. ತಮ್ಮವರನ್ನು ಗೂಡ್ಸು ರೈಲಿಗೆ ತುಂಬಿದವರು ಯಾಕೆ ನಿಲ್ಲಿಸಲಿಲ್ಲ ಎಂದು, ಮುಂದೆ ಯಾರಾದರೂ ನಿಲ್ಲಿಸುವುದು ಹೇಗೆ ಎಂದು. ನಾನು ಆ ಉತ್ತರಗಳನ್ನು ಹೊಡೆದವನ ಮನೆಯಲ್ಲಿ ಕೂತು ಓದುತ್ತಿದ್ದೆ, ಅವನನ್ನು ಬಿಡಿಸುವುದಕ್ಕೆ. ಅವರು ಕೊಟ್ಟ ದೀಪದಿಂದ ನಾನು ಮುಖ ಮರೆಸಿಕೊಳ್ಳಲು ಹೊರಟಿದ್ದೆ. ಆ ರೈಲುಗಳು ಮುಟ್ಟಿದ ಸಾವಿನ ಶಿಬಿರಗಳಲ್ಲಿ ಅಪ್ಪ, ಅಮ್ಮ, ಹೆಂಡತಿಯನ್ನು ಕಳೆದುಕೊಂಡು ಬದುಕಿ ಬಂದ ಇನ್ನೊಬ್ಬ ವಿಯೆನ್ನಾ ವೈದ್ಯರಿದ್ದಾರೆ. ಅಂಥ ಕಡೆಯೂ ಮನುಷ್ಯನಿಗೆ ಹೀಗೋ ಹಾಗೋ ಎನ್ನುವ ಒಂದು ಚೂರು ಜಾಗ ಉಳಿದೇ ಇತ್ತು ಎಂದವರು. ಅವರ ಪಾಠವನ್ನು ನಿನ್ನ ಟಿಪ್ಪಣಿಯಲ್ಲಿ ಸೇರಿಸಿರಲಿಲ್ಲ.

ಸಹಿ ಹಾಕು ಎಂದವಳು ನಾನು.

ಸತ್ಯವತಿ ದೊಡ್ಡಮ್ಮ


ಜೈಲು
೧೮ ಜನವರಿ ೨೦೨೫

ದೊಡ್ಡಮ್ಮಾ,

ಇಷ್ಟು ದಿನ ಬರೆಯಲಿಲ್ಲ, ನೀನು ಬಂದಾಗಲೂ ನಾನು ಆಸ್ಪತ್ರೆಯಲ್ಲಿದ್ದೆ. ಅಕ್ಷರ ಹೀಗಿದೆ ಎಂದು ಹೆದರಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇದು ಕಚೇರಿಯ ಮೂಲಕವೇ ಬರುತ್ತದೆ, ಓದುವವರು ಓದಲಿ.

ನಿನ್ನ ಪತ್ರ ಬಂದ ಮೇಲೆ ಭರಮಪ್ಪನಿಗೆ ಸಹಿಯ ವಿಷಯ ಹೇಳಿದೆ. ಅವನು ಉಣ್ಣುತ್ತಿದ್ದ. ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂತ. ಎರಡು ವಾರ ನನ್ನ ಕಡೆ ನೋಡಲಿಲ್ಲ.

ಡಿಸೆಂಬರ್ ಕೊನೆಗೆ ಬ್ಯಾರಕ್ಕಿನ ದೊಡ್ಡವನು ನನ್ನನ್ನು ಕರೆದ. ಇಲ್ಲಿ ಊಟ, ಹಾಸಿಗೆ, ಏಟು, ಎಲ್ಲ ಅವನ ಕೈಲಿದೆ. ಟವೆಲಿನಲ್ಲಿ ಕಲ್ಲು ಸುತ್ತಿ ಗಂಟು ಹಾಕಿದ್ದನ್ನು ಕೈಗಿಟ್ಟ. "ಅಣ್ಣ ಹೇಳ್ಕಳ್ಸವ್ರೆ. ಆ ರಾಯಚೂರ್ ನನ್ಮಗ ಕೋರ್ಟಲ್ಲಿ ಮಾತು ತಿರುಗುಸ್ತೀನಿ ಅಂತಿದಾನಂತೆ. ಬಾಯಿ ಮುಚ್ಚಿಸ್ಬೇಕು. ನೀನೇ ಮಾಡ್ಬೇಕಂತೆ ಗುರು. ನಿಂಗೇನಾಗಲ್ಲ, ನಾನಿದೀನಲ್ಲ."

ಅದೇ ಮಾತು. ಇಬ್ಬರು ಭರಮಪ್ಪನನ್ನು ಅಂಗಾತ ಕೆಡವಿ ಕೈಕಾಲು ಹಿಡಿದಿದ್ದರು. ಅವನು ಕೂಗಲಿಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದ. ಹೇಳಬಾರದು, ಆದರೂ ಹೇಳುತ್ತೇನೆ ದೊಡ್ಡಮ್ಮ, ನನ್ನ ಕೈ ಮೇಲೆದ್ದಿತ್ತು. ಅಭ್ಯಾಸವಾದ ಕೈ. ಅಲ್ಲಿಂದ ಅದನ್ನು ಇಳಿಸಿದೆ. ಧೈರ್ಯ ಎನ್ನಬೇಡ. ಟವೆಲನ್ನು ಸಂಡಾಸಿನ ಗುಂಡಿಗೆ ಎಸೆದೆ. "ಆಗಲ್ಲ" ಅಂದೆ.

ಆಮೇಲೆ ಅವರು ನನ್ನನ್ನು ಹಿಡಿದರು. ಮೂಗು ಮೊದಲು ಮುರಿಯಿತು. ಬಕೆಟ್ಟಿನಲ್ಲಿ ತಲೆ ಅದ್ದಿದರು. ಕೊನೆಗೆ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಕಬ್ಬಿಣದ ಬಾಗಿಲನ್ನು ಎಳೆದು ಬಡಿದರು. ಎರಡು ಸಲ. ಬೆರಳು ಮುರಿಯುವ ಸದ್ದು ನನಗೇ ಕೇಳಿಸಿತು. ಎರಡು ಬೆರಳನ್ನು ಕತ್ತರಿಸಬೇಕಾಯಿತು.

ನಾನು ಬಿದ್ದಿದ್ದಾಗ ಊದಿದ ಕಾಲಿನ ಭರಮಪ್ಪ ನನ್ನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೂರಿಸಿದ. "ಅವತ್ತ ಹಿಂಗ ಮಾಡಿದ್ರ ಏನಾಗ್ತಿತ್ತ್ರೀ ನಿಮಗ?" ಅಂದ. ಬೈಗುಳವಲ್ಲ, ಕೇಳಿದ್ದು ಅಷ್ಟೆ. ಆಮೇಲೆ ತನ್ನ ಅಂಗಿ ಹರಿದು ಕೈ ಕಟ್ಟಿದ.

ನಾನು ಮ್ಯಾಜಿಸ್ಟ್ರೇಟರ ಮುಂದೆ ಎಲ್ಲ ಹೇಳುತ್ತೇನೆ. ಅಫಿಡವಿಟ್ ಸುಳ್ಳು ಎಂದೂ ಹೇಳುತ್ತೇನೆ. ನನಗೆ ಬೇರೆ ವಕೀಲರು ಬೇಕು.

ವಿಶ್ರುತ್


ಜಾಲಹಳ್ಳಿ
೧೧ ಫೆಬ್ರವರಿ ೨೦೨೫

ವಿಶ್ರುತ್,

ನಿನ್ನ ಪತ್ರ ನನಗೆ ತಲುಪುವ ಮೊದಲೇ ಇನ್ಯಾರಿಗೋ ತಲುಪಿದೆ. ಪತ್ರ ಬಂದದ್ದು ಗುರುವಾರ. ಬುಧವಾರ ಸಂಜೆಯೇ ಅವರು ಬಂದಿದ್ದರು.

ಹಾಲು ತಗೊಂಡು ಬರುತ್ತಿದ್ದೆ. ಬೈಕಿನಲ್ಲಿ ಇಬ್ಬರು, ಹೆಲ್ಮೆಟ್ ಹಾಕಿದ್ದರು. "ಟೀಚರಮ್ಮ ನೀವೇನಾ?" ಎಂದ ಒಬ್ಬ, ಬಹಳ ಮರ್ಯಾದೆಯಿಂದ. ಹೌದು ಎಂದೆ. ಹಿಂದಿನವನು ರಾಡು ಬೀಸಿದ. ಕಾಲರ್ ಮೂಳೆ ಮುರಿಯಿತು. ಬಿದ್ದ ಮೇಲೆ ಮೊಣಕಾಲಿಗೆ ಇನ್ನೆರಡು. "ಹುಡುಗನ್ಗೆ ಬಾಯಿ ಮುಚ್ಕೊಂಡ್ ಬಿದ್ದಿರು ಅಂತ ಹೇಳಿ." ಹೊಡೆದವನಿಗೆ ನಿನ್ನಷ್ಟೇ ವಯಸ್ಸಿರಬೇಕು. ಪ್ರತಿ ಏಟಿಗೂ ಮುಂಚೆ ಮುಂದೆ ಕೂತವನ ಕಡೆ ತಿರುಗುತ್ತಿದ್ದ. ಕಂಡೆ. ಅವನ ಹಿಂದೆಯೂ ಒಂದು ಕುರ್ಚಿ ಇದೆ ಎಂದು ಗೊತ್ತು. ಆದರೂ ಆ ರಾಡು ಇಳಿಯುವಾಗ ನನಗೆ ಅನಿಸಿದ್ದು ಒಂದೇ: ನೀನು, ನೀನು ನಿಲ್ಲಿಸಬಹುದು. ಕೆಳಗೆ ಬಿದ್ದವರಿಗೆ ಮನುಷ್ಯನ ಸ್ವಭಾವ ಅಷ್ಟೇ ಕಾಣುತ್ತದೆ ಮಗು.

ಉಚಿತ ಕಾನೂನು ನೆರವಿನಿಂದ ಸಮನ್ವಿತಾ ಎಂಬ ವಕೀಲೆ ಸಿಕ್ಕಿದ್ದಾಳೆ. ಚಿಕ್ಕವಳು, ಮಾತು ಕಡಿಮೆ. ಆಸ್ಪತ್ರೆಗೇ ಬಂದು ವಿವರಿಸಿದಳು. "ಕ್ಷಮಾದಾನ ಕೇಳಿಕೊಂಡು ಸಾಕ್ಷಿ ಆಗಬಹುದು ಆಂಟಿ. ವಿಶ್ರುತ್ ಅದು ಬೇಡ ಅಂತಿದಾರೆ. ಹಂಗಾದ್ರೆ ಅವರ ಮಾತು ಅವರ ಮೇಲೇ ಬೀಳತ್ತೆ. ಜೀವಾವಧಿನೂ ಆಗಬಹುದು." ನಿನ್ನನ್ನು ಒಪ್ಪಿಸಲು ನನಗೆ ಹೇಳಿದಳು.

ರಾತ್ರಿಯೆಲ್ಲ ಆಲೋಚಿಸಿದೆ. ಕ್ಷಮೆ ತಗೋ ಎಂದು ಬರೆಯಲು ಪೆನ್ನು ಹಿಡಿದೆ. ನಿನ್ನ ವಯಸ್ಸು ಇಪ್ಪತ್ತಾರು. ನನ್ನದು ಅರವತ್ತೆರಡು. ಜೀವಾವಧಿ ಎಂದರೆ ನಾವಿಬ್ಬರೂ ಒಂದು ಮೇಜಿನಲ್ಲಿ ಉಣ್ಣುವುದು ಇನ್ನಿಲ್ಲ.

ಅದನ್ನು ಬರೆಯುವುದಿಲ್ಲ. ಬೇಡ ಅನ್ನು ಎಂದೂ ಬರೆಯಲಾರೆ. ನೀನು ನಿರ್ಧಾರ ಮಾಡು. ಕಾಲು ಊರುವಂತಾದ ಮೇಲೆ ನಾನು ಮಂಗಳವಾರಗಳಂದು ಬರುತ್ತಲೇ ಇರುತ್ತೇನೆ.

ಸತ್ಯವತಿ ದೊಡ್ಡಮ್ಮ


ಜೈಲು
೨೯ ಮಾರ್ಚ್ ೨೦೨೫

ದೊಡ್ಡಮ್ಮಾ,

ಹೇಳಿಕೆ ಮುಗಿಯಿತು. ಸಮನ್ವಿತಾ ಮೇಡಂ ಕೈಯಲ್ಲೇ ಈ ಕಾಗದ ಕೊಟ್ಟಿದ್ದೇನೆ.

ಮ್ಯಾಜಿಸ್ಟ್ರೇಟರು ಪೊಲೀಸರನ್ನು ಹೊರಗೆ ಕಳಿಸಿದರು. ಯಾರಾದರೂ ಹೆದರಿಸಿದ್ದಾರಾ, ಆಸೆ ತೋರಿಸಿದ್ದಾರಾ ಎಂದು ಕೇಳಿದರು. ಈ ಮಾತು ನಿಮ್ಮ ಮೇಲೇ ತಿರುಗುತ್ತದೆ ಎಂದು ಎಚ್ಚರಿಸಿ, ಯೋಚಿಸಲು ಒಂದು ದಿನ ಬಿಟ್ಟು ಮತ್ತೆ ಕರೆಸಿಕೊಂಡರು. ಹನುಮಂತರಾಯಪ್ಪನ ಹೆಸರು ಹೇಳಿದೆ. ಭರಮಪ್ಪ ಪೈಪು ಹಾಕಿ ಹೋದದ್ದು ಹೇಳಿದೆ. "ನೀವು ಯಾಕೆ ಮುಂದುವರಿಸಿದಿರಿ?" ಎಂದು ಕೇಳಿದರು. ನೀನು ಕಲಿಸಿದ ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅವು ಸುಳ್ಳಲ್ಲ. ಆದರೆ "ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ" ಎಂದಷ್ಟೇ ಬರೆಸಿದೆ.

ಇನ್ನೊಂದು ಇದೆ. ಅದನ್ನು ನಿನಗೂ ಹೇಳಿರಲಿಲ್ಲ.

ದೀಪು ಕೊನೆಯಲ್ಲಿ ಮಾತಾಡಿದ. ಅವನು ನನಗೆ ಗೊತ್ತಿದ್ದವನು. ಶಿಫ್ಟು ಮುಗಿಸಿ ಗೇಟಿನ ಹತ್ತಿರ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆವು. ಅವನ ತಂಗಿಯ ಕಾಲೇಜಿನ ಅರ್ಜಿ ತುಂಬಿಕೊಟ್ಟಿದ್ದೆ. ಪೈಪು ನನ್ನ ಕೈಗೆ ಬಂದಾಗ ಅವನ ಮುಖ ಬೆಳಗಿತು ದೊಡ್ಡಮ್ಮ. ಇನ್ನು ಸಾಕಾಯಿತು ಅಂದುಕೊಂಡ. ಹೊಡೆಯಲು ಶುರು ಮಾಡಿದ ಮೇಲೂ ನನ್ನನ್ನೇ ಕರೆಯುತ್ತಿದ್ದ. "ವಿಶ್ರುತ್ ಸಾರ್, ನೀವೊಂದ್ ಮಾತ್ ಹೇಳಿ. ನೀವ್ ಹೇಳಿದ್ರೆ ಬಿಡ್ತಾರೆ. ನೀವ್ ಹೇಳಿ ಸಾರ್." ಅದನ್ನು ಕೇಳಲಾರದೆ ಬಾಯಿಗೆ ಹೊಡೆದೆ. ಹಲ್ಲು ಉದುರಿದ ಮೇಲೆ ಮಾತು ನಿಂತಿತು.

ಇದನ್ನೂ ಬರೆಸಿದ್ದೇನೆ. ಮುಂದೊಂದು ದಿನ ಕೋರ್ಟಿನಲ್ಲಿ ಎಲ್ಲರೆದುರಿಗೆ ಓದುತ್ತಾರೆ. ಅವನ ತಾಯಿಗೆ ಹಾಗೆ ಗೊತ್ತಾಗುವುದು ಬೇಡ. ನೀನು ಹೋಗಿ ಹೇಳು. ಅವರು ನಿನ್ನನ್ನು ಹೊಡೆದಿದ್ದಾರೆ, ಗೊತ್ತು. ಆದರೂ ಹೋಗು.

ವಿಶ್ರುತ್


ಜಾಲಹಳ್ಳಿ
೬ ಜುಲೈ ೨೦೨೫

ವಿಶ್ರುತ್,

ಸಮನ್ವಿತಾ ಹೇಳಿರುತ್ತಾಳೆ, ಆದರೂ ಬರೆಯುತ್ತೇನೆ. ಭರಮಪ್ಪ ಜಾಮೀನು ಸಿಕ್ಕಿ ಊರಿಗೆ ಹೋದ. ಎಡಗಿವಿ ಕೇಳುವುದಿಲ್ಲ. ಹನುಮಂತರಾಯಪ್ಪನನ್ನು ಬಂಧಿಸಿದರು. ಬಂಧಿಸಿದ ಮರುದಿನವೇ ಎದೆನೋವು ಎಂದು ಆಸ್ಪತ್ರೆ ಸೇರಿದ. ಹೊರಗೆ ಬರುತ್ತಾನೋ ಏನೋ. ಆದರೆ ಹೆಸರು ಕೋರ್ಟಿನ ಕಾಗದದಲ್ಲಿದೆ. ಬೊಮ್ಮಸಂದ್ರದ ಇನ್ನಿಬ್ಬರು ಲೋಡರ್‌ಗಳು ತಮ್ಮನ್ನೂ ಅದೇ ಕೋಣೆಯಲ್ಲಿ ಹೊಡೆದಿದ್ದರು ಎಂದು ಮುಂದೆ ಬಂದಿದ್ದಾರೆ.

ನೀನು ಹೇಳಿದ ಕೆಲಸವನ್ನು ಮೂರು ತಿಂಗಳು ಮುಂದೂಡಿದೆ. ಮೊಣಕಾಲು ಕೂಡಿಲ್ಲ, ಬಸ್ಸು ಹತ್ತಲಾರೆ ಎಂದು ನನಗೇ ಹೇಳಿಕೊಂಡೆ. ಮೊಣಕಾಲು ಕೂಡಿ ಬಹಳ ದಿನವಾಗಿತ್ತು. ನಿನ್ನೆ ಹೋದೆ.

ಭದ್ರಮ್ಮ ಬಾಗಿಲು ತೆಗೆದು ನನ್ನ ಕೋಲು ನೋಡಿದಳು. ಈ ಸಲ ನಾನು ಪರಿಸ್ಥಿತಿಯ ಮಾತು ಎತ್ತಲಿಲ್ಲ. "ನಿಮ್ಮ ಮಗ ಕೊನೆಯಲ್ಲಿ ಏನಂದ ಅಂತ ಹೇಳೋಕೆ ಬಂದೆ. ಬೇಡ ಅಂದರೆ ಹೋಗ್ತೀನಿ" ಎಂದೆ.

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಳಗೆ ಒಂದು ಚಾಪೆ. ಇಬ್ಬರೂ ಕೂತೆವು. ಹೇಳಿದೆ. ನೀನು ಬರೆದ ಹಾಗೆಯೇ, ಬಾಯಿಗೆ ಹೊಡೆದದ್ದನ್ನೂ ಬಿಡದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಹೊಡೆಯುತ್ತಾಳೆ ಎಂದೂ ಸಿದ್ಧಳಾಗಿದ್ದೆ. ಎರಡೂ ಮಾಡಲಿಲ್ಲ. "ಇನ್ನೊಂದ್ಸಲ ಏಳು" ಅಂದಳು. ಹೇಳಿದೆ. "ಅವ್ನು ಏನಂದ, ಅದೊಂದೇ ಏಳು." ನೀವೊಂದ್ ಮಾತ್ ಹೇಳಿ ಸಾರ್, ನೀವ್ ಹೇಳಿದ್ರೆ ಬಿಡ್ತಾರೆ. ಆ ಮಾತಷ್ಟನ್ನೇ ಹೇಳಿದೆ. ಅವಳ ಕಣ್ಣು ಒಣಗಿಯೇ ಇತ್ತು.

"ನನ್ ಮಗ ನಿಮ್ ಉಡುಗುನ್ನ ನಂಬಿದ್ದ" ಅಂದಳು.

ಹೌದು ಎಂದೆ. ನಾನು ಕೋಲು ಊರಿ ಏಳಲಾರದೆ ಒದ್ದಾಡಿದಾಗ ಅವಳು ತೋಳು ಹಿಡಿದು ಎಬ್ಬಿಸಿದಳು. ಹಿಡಿತ ಗಟ್ಟಿಯಾಗಿತ್ತು, ನೋಯುವಷ್ಟು. ಹೊಸ್ತಿಲು ದಾಟಿಸಿ ಕೈ ಬಿಟ್ಟಳು. ನಾನು ತಿರುಗಿ ಏನೋ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಸತ್ಯವತಿ ದೊಡ್ಡಮ್ಮ